ಗಾಣದ ಎಣ್ಣೆ, ಅಂಗಳದ ಅಕ್ಕಿ: ಕಿರುವೃತ್ತಿಯವರ ಧರ್ಮಕಾರ್ಯದ ಇತಿಹಾಸ

ಕನ್ನಡನಾಡಿನ ಧರ್ಮಕಾರ್ಯಗಳ ಇತಿಹಾಸವನ್ನು ಬರೆಯುವಾಗ ಅರಸರು, ರಾಣಿಯರು, ದಂಡನಾಯಕರು ಮುಂದೆ ನಿಲ್ಲುವುದು ಸಹಜವಾಗಿದೆ. ಊರುಗಳನ್ನು ದತ್ತಿ ಬಿಟ್ಟವರು, ದೇವಾಲಯಗಳನ್ನು ಎತ್ತಿಸಿದವರು, ಕೆರೆಗಳನ್ನು ಕಟ್ಟಿಸಿದವರು ಬಹುಮಟ್ಟಿಗೆ ಅವರೇ. ಆದರೆ ಅದೇ ಶಾಸನಗಳ ಪ್ರಶಸ್ತಿಭಾಗವನ್ನು ದಾಟಿ, ದತ್ತಿಯ ವಿವರಗಳಿರುವ ಕೊನೆಯ ಸಾಲುಗಳನ್ನು ತಾಳ್ಮೆಯಿಂದ ಓದಿದವರಿಗೆ ಬೇರೊಂದು ಜನಸಮೂಹ ಕಾಣಿಸಿಕೊಳ್ಳುತ್ತದೆ. ಗಾಣವಾಡಿಸುವ ತೆಲ್ಲಿಗರು, ವೀಳ್ಯದೆಲೆ ಮಾರುವ ತಂಬುಲಿಗರು, ಮಗ್ಗದ ಮುಂದೆ ಕುಳಿತ ನೇಕಾರರು, ಎತ್ತಿನ ಮೇಲೆ ಹೇರು ಹೇರಿಕೊಂಡು ಸಂತೆಯಿಂದ ಸಂತೆಗೆ ನಡೆಯುವ ವ್ಯವಹಾರಿಗಳು, ಇವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದಾರೆ. ಇವರಲ್ಲಿ ಅನೇಕರ ಹೆಸರುಗಳು ಉಳಿದಿಲ್ಲ. ಇವರು ಕೊಟ್ಟದ್ದರ ಅಳತೆ ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಆ ಅಳತೆ ಬಹಳ ಚಿಕ್ಕದು. ಗಾಣವೊಂದಕ್ಕೆ ಒಂದು ಸೊಲ್ಲಿಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಒಂದು ಮಾನ, ಅಂಗಡಿಗೆ ವರ್ಷಕ್ಕೊಂದು ಹಾಗ ಅಥವಾ ವೀಸ, ಮದುವೆಯಾದರೆ ಒಂದು ಪಣ, ಹೀಗೆ. ಹಾಗವೆಂದರೆ ಪಣದ ನಾಲ್ಕನೆಯ ಒಂದು ಪಾಲು. ವೀಸವೆಂದರೆ 16ನೆಯ ಒಂದು ಪಾಲು. 10 ಪಣಗಳಿಗೆ ಒಂದು ಗದ್ಯಾಣವೆಂಬ ಲೆಕ್ಕವನ್ನು ಹಿಡಿದರೆ, ಒಬ್ಬ ಅಂಗಡಿಕಾರನ ಕಾಣಿಕೆ ಒಂದು ಹೊನ್ನಿನ ನಾಣ್ಯದ 40ನೆಯ ಅಥವಾ 160ನೆಯ ಒಂದು ಭಾಗ ಮಾತ್ರ. ಅರಸನ ಗ್ರಾಮದಾನದ ಎದುರಿಗೆ ಇದು ಗಣನೆಗೆ ಬಾರದೆಂದು ತೋರಬಹುದು. ಆದರೂ ಶಾಸನಕಾರರು ಇದನ್ನು ಕಲ್ಲಿನಲ್ಲಿ ಕೊರೆಯಿಸಲು ಹಿಂಜರಿಯಲಿಲ್ಲ. ಅದಕ್ಕೆ ಕಾರಣವುಂಟು.

ದೇವಾಲಯವನ್ನು ಕಟ್ಟುವುದು ಒಮ್ಮೆ ಆಗುವ ಕೆಲಸ. ನಂದಾದೀವಿಗೆಯನ್ನು ಉರಿಸುವುದು ಪ್ರತಿ ಸಂಜೆಯ ಕೆಲಸ. ಮಠವನ್ನು ಸ್ಥಾಪಿಸುವುದು ಒಂದು ದಿನದ ಸಮಾರಂಭ. ಅಲ್ಲಿ ಓದುವ ಮಕ್ಕಳಿಗೆ ಅನ್ನವಿಕ್ಕುವುದು ವರ್ಷದ 365 ದಿನಗಳ ಹೊಣೆ. ಶಾಸನಗಳು ಮತ್ತೆ ಮತ್ತೆ ಹೇಳುವ ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದು ಬಿರಿದ ಕಟ್ಟಡವನ್ನು ಸರಿಪಡಿಸುವ ಕಾರ್ಯವೂ, ಕೊನೆಯಿಲ್ಲದ ಹೊಣೆಯೇ. ಗಾಣ ತಿರುಗುವವರೆಗೂ ಎಣ್ಣೆ ಬರುತ್ತದೆ, ಸಂತೆ ನೆರೆಯುವವರೆಗೂ ಆಯ ಬರುತ್ತದೆ ಎಂಬ ನಿಶ್ಚಯದ ಮೇಲೆ ಈ ಹೊಣೆಗಳು ನಿಂತಿದ್ದವು. ದೊಡ್ಡವರ ದತ್ತಿ ಸಂಸ್ಥೆಗೆ ಜನ್ಮವನ್ನು ಕೊಟ್ಟರೆ, ಸಣ್ಣವರ ಆಯ ಅದಕ್ಕೆ ಆಯುಷ್ಯವನ್ನು ಕೊಟ್ಟಿತೆಂದು ಹೇಳಬಹುದು.

ಈ ಪದ್ಧತಿ ಕನ್ನಡನಾಡಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಮಾಳವ ದೇಶದ ದಶಪುರದಲ್ಲಿ, ಇಂದಿನ ಮಂದಸೋರಿನಲ್ಲಿ, ಲಾಟದೇಶದಿಂದ ವಲಸೆ ಬಂದ ರೇಷ್ಮೆನೇಕಾರರ ಶ್ರೇಣಿ ಸೂರ್ಯದೇವಾಲಯವೊಂದನ್ನು 5ನೆಯ ಶತಮಾನದಲ್ಲಿ ಕಟ್ಟಿಸಿ, ಕೆಲವು ದಶಕಗಳ ಬಳಿಕ, 473ರ ಸುಮಾರಿಗೆ, ಅದನ್ನು ತಾನೇ ಜೀರ್ಣೋದ್ಧಾರ ಮಾಡಿಸಿತು. ಸ್ಕಂದಗುಪ್ತನ ಕಾಲದ 465ರ ತಾಮ್ರಶಾಸನವೊಂದು ಇಂದ್ರಪುರದ ತೈಲಿಕ ಶ್ರೇಣಿಗೆ ದೇವರ ದೀಪದ ಹೊಣೆಯನ್ನು ವಹಿಸಿಕೊಟ್ಟುದನ್ನು ತಿಳಿಸುತ್ತದೆ. ಒಬ್ಬ ವ್ಯಕ್ತಿ ಅಳಿಯಬಹುದು, ವೃತ್ತಿಯ ಬಳಗ ಉಳಿಯುತ್ತದೆ ಎಂಬ ವಿವೇಕ ಇದರಲ್ಲಿ ಅಡಗಿದೆ.

ಕನ್ನಡನಾಡಿನಲ್ಲಿ ಈ ವಿವೇಕವು ಬಹು ದೊಡ್ಡ ರೂಪವನ್ನು ತಾಳಿದ್ದು ಅಯ್ಯಾವೊಳೆಯ ಐನೂರ್ವರ ಸಂಘದಲ್ಲಿ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಈ ಅಯ್ಯಾವೊಳೆ. ಬಳ್ಳಿಗಾವೆಯ 1054ರ ಶಾಸನ ಈ ವರ್ತಕರ ಸಂಚಾರದ ನಾಡುಗಳನ್ನೂ, ಅವರು ಸಾಗಿಸುತ್ತಿದ್ದ ರತ್ನ, ಮುತ್ತು, ಕರ್ಪೂರ, ಗಂಧ ಮುಂತಾದ ಸರಕುಗಳನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಇದೇ ಐನೂರ್ವರ ಹೆಸರುಳ್ಳ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿರುವುದನ್ನು ನೋಡಿದರೆ, ಆ ವರ್ಣನೆಯು ಕೇವಲ ಕವಿಸಮಯವಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದರೆ ಕಡಲು ದಾಟಿದ ಈ ಸಂಘ ಊರಿನ ಮಟ್ಟದಲ್ಲಿ ಚಿಕ್ಕ ಬಳಗಗಳೊಡನೆ ಕೂಡಿಯೇ ಕೆಲಸ ಮಾಡುತ್ತಿತ್ತು. ನಖರ, ಮುಮ್ಮುರಿದಂಡ, ತೆಲ್ಲಿಗರ ಐವತ್ತೊಕ್ಕಲು ಮುಂತಾದ ಹೆಸರುಗಳು ಶಾಸನಗಳಲ್ಲಿ ಐನೂರ್ವರ ಜೊತೆಗೂ ಪ್ರತ್ಯೇಕವಾಗಿಯೂ ಬರುತ್ತವೆ. ಎಲ್ಲರೂ ನೆರೆದು, ಒಪ್ಪಿ, ತಮ್ಮ ಮೇಲೆ ತಾವೇ ಆಯವನ್ನು ಹಾಕಿಕೊಂಡರೆಂಬುದು ಈ ದತ್ತಿಗಳ ವೈಶಿಷ್ಟ್ಯ.

ಈ ವರ್ತಕರ ಧರ್ಮದೃಷ್ಟಿ ಒಂದೇ ಮತಕ್ಕೆ ಸೀಮಿತವಾಗಿರಲಿಲ್ಲ. ಇಂದಿನ ಗದಗ ಜಿಲ್ಲೆಯ ಡಂಬಳ ಆಗ ಧರ್ಮವೊಳಲೆಂದು ಹೆಸರಾದ ವ್ಯಾಪಾರಕೇಂದ್ರ. ಆರನೆಯ ವಿಕ್ರಮಾದಿತ್ಯನ ಆಳಿಕೆಯ 1095ರ ಅಲ್ಲಿಯ ಶಾಸನವು, 16 ಮಂದಿ ಸೆಟ್ಟಿಗಳು ಬೌದ್ಧ ವಿಹಾರವೊಂದನ್ನು ಕಟ್ಟಿಸಿದ್ದನ್ನೂ, ತಾರಾಭಗವತಿಯ ಆ ವಿಹಾರಕ್ಕೆ ದತ್ತಿ ಸಂದುದನ್ನೂ ದಾಖಲಿಸುತ್ತದೆ. ಬೌದ್ಧಧರ್ಮ ಈ ನಾಡಿನಲ್ಲಿ ಬಹಳವಾಗಿ ಕ್ಷೀಣಿಸಿದ್ದ ಕಾಲವದು. ಸಂತೆಯ ಬೀದಿಯಲ್ಲಿ ಎಲ್ಲ ಮತದವರ ಕಾಸಿಗೂ ಒಂದೇ ಬೆಲೆಯಾದಂತೆ, ಆ ಬೀದಿಯಿಂದ ಬಂದ ಧರ್ಮವೂ ಶೈವ, ಜೈನ, ಬೌದ್ಧ, ವೈಷ್ಣವ ಸ್ಥಾನಗಳೆಲ್ಲಕ್ಕೆ ಹರಿಯಿತು.

ಇಂತಹ ನಗರಗಳಲ್ಲಿ ಬೆಳೆದ ಸಂಸ್ಥೆಗಳು ಯಾವ ಮಟ್ಟದವೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠವು ಸಾಕ್ಷಿ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಈ ಮಠವನ್ನು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಬಣ್ಣಿಸುವುದರ ಜೊತೆಗೆ, ದೀನರಿಗೂ ಅನಾಥರಿಗೂ ಅಂಗವಿಕಲರಿಗೂ ಅನ್ನವಿಕ್ಕುವ ಎಡೆಯೆಂದೂ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ಎಡೆಯೆಂದೂ ಹೇಳುತ್ತದೆ. ವಿದ್ಯೆ, ಅನ್ನ, ಔಷಧ ಈ ಮೂರೂ ಒಂದೇ ಸೂರಿನಡಿ ದೊರೆಯುವುದಕ್ಕೆ ಅರಸನ ಔದಾರ್ಯವೊಂದೇ ಸಾಲದು. ಸುತ್ತಲಿನ ಸಮೃದ್ಧ ನಗರವೂ ಬೇಕು.

ಆದರೆ ಇತಿಹಾಸವನ್ನು ಬರೆಯುವವರು ಭಕ್ತಿಯಿಂದ ಕಣ್ಣು ಮುಚ್ಚಬಾರದು. ವರ್ತಕರ ದತ್ತಿಗಳ ಹಿಂದೆ ಪುಣ್ಯಾಪೇಕ್ಷೆಯೊಂದೇ ಇತ್ತೆಂದು ಹೇಳಲಾಗದು. ದೇವಾಲಯದ ಸುತ್ತ ಸಂತೆ ನೆರೆಯುತ್ತಿತ್ತು. ಜಾತ್ರೆಯಿಂದ ವ್ಯಾಪಾರ ಕುದುರುತ್ತಿತ್ತು. ದಾನಿಯ ಹೆಸರು ಊರಿನಲ್ಲಿ ನಿಲ್ಲುತ್ತಿತ್ತು. ಅರಸನ ಕೃಪೆ ದೊರೆತರೆ ಸುಂಕದ ವಿನಾಯಿತಿಯೂ ದೊರೆಯಬಹುದಾಗಿತ್ತು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಹೇರಿನ ಮೇಲೆ ಹಾಕಿದ ಆಯವನ್ನು ವ್ಯಾಪಾರಿಯು ತನ್ನ ಲಾಭದಿಂದ ಕೊಟ್ಟನೋ, ಅಥವಾ ಬೆಲೆಯಲ್ಲಿ ಸೇರಿಸಿ ಕೊಳ್ಳುವವನ ಕೈಯಿಂದ ಕೊಡಿಸಿದನೋ? ಶಾಸನಗಳು ಇಷ್ಟು ಕೊಟ್ಟರೆಂದು ಹೇಳುತ್ತವೆ. ಕೊಟ್ಟದ್ದು ಹೇಗೆ ಗಳಿಸಿದ್ದೆಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ನೇರವಾಗಿ ಎತ್ತಿದವರು 12ನೆಯ ಶತಮಾನದ ಶರಣರು.

ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದವರ ಹೆಸರುಗಳೇ ಒಂದು ಪೇಟೆಯನ್ನು ಕಣ್ಣ ಮುಂದೆ ತರುತ್ತವೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಬಟ್ಟೆ ಹೊಲಿಯುವ ಸೂಜಿಕಾಯಕದ ರಾಮಿತಂದೆ, ಸೌದೆ ಮಾರುವ ಮೋಳಿಗೆ ಮಾರಯ್ಯ, ಸುಂಕ ವಸೂಲಿಯ ಬಂಕಣ್ಣ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಧಾನ್ಯ ಕುಟ್ಟುವ ಕೊಟ್ಟಣದ ಸೋಮವ್ವೆ, ಹೆಂಡ ಮಾರುವ ಮಾರಯ್ಯ, ಇವರೆಲ್ಲ ಅನುಭಾವಿಗಳು, ಇವರೆಲ್ಲ ವಚನಕಾರರು. ತಕ್ಕಡಿ, ಒರೆಗಲ್ಲು, ಸುಂಕ, ಹೇರು, ನೂಲು, ಕದಿರು ಇವು ಶರಣರ ವಚನಗಳಿಗೆ ಪ್ರತಿಮೆಗಳಾಗಿ ಬಂದುದು ಅಲಂಕಾರಪ್ರೀತಿಯಿಂದಲ್ಲ. ದಿನವೂ ಕೈಗೆ ತಾಗುವ ವಸ್ತುಗಳೇ ತತ್ತ್ವಚಿಂತನೆಗೆ ಭಾಷೆಯಾದುದರಿಂದ.

ಈ ಶರಣರಲ್ಲಿ ಮೂವರ ಕಥೆಗಳು ಪ್ರಸ್ತುತ ವಿಷಯಕ್ಕೆ ಬಹಳ ಮುಖ್ಯವಾದವು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇವು ವಿಸ್ತಾರವಾಗಿ ಬಂದಿವೆ. ಈ ಗ್ರಂಥ ಕಲ್ಯಾಣದ ಘಟನೆಗಳಿಗಿಂತ ಶತಮಾನಗಳಷ್ಟು ಈಚಿನದಾದ್ದರಿಂದ, ಇಲ್ಲಿನ ಪ್ರಸಂಗಗಳನ್ನು ನಡೆದ ಸಂಗತಿಗಳ ವರದಿಯೆಂದು ತಿಳಿಯುವುದಕ್ಕಿಂತ, ಶರಣಪರಂಪರೆ ಯಾವ ಮೌಲ್ಯವನ್ನು ಕಾಪಾಡಿಕೊಂಡು ಬಂದಿತೆಂಬುದರ ದಾಖಲೆಯೆಂದು ತಿಳಿಯುವುದು ಯುಕ್ತ.

ಮೊದಲನೆಯದು ಆಯ್ದಕ್ಕಿ ಮಾರಯ್ಯನದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮರಿಗೆ ಉಣಬಡಿಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಪತ್ನಿ ಲಕ್ಕಮ್ಮ ಸಂತೋಷಪಡಲಿಲ್ಲ. ದಿನದ ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಎರಡನೆಯದು ನುಲಿಯ ಚಂದಯ್ಯನದು. ಅವನು ಹೊಸೆದ ಹಗ್ಗಕ್ಕೆ ಬಸವಣ್ಣನವರಿಂದ ಯೋಗ್ಯ ಬೆಲೆಗಿಂತ ಬಹಳ ಹೆಚ್ಚಿನ ಹೊನ್ನು ದೊರೆತಾಗ, ಅದು ತನ್ನ ಸತ್ಯಕಾಯಕದ ಫಲವಲ್ಲವೆಂದು ಅವನು ಆಕ್ಷೇಪಿಸಿದನು. ಮೂರನೆಯದು ಮೋಳಿಗೆ ಮಾರಯ್ಯನದು. ಅವನು ಮನೆಯಲ್ಲಿಲ್ಲದ ವೇಳೆ ಬಸವಣ್ಣನವರು ಹೊನ್ನಿನ ಗಂಟುಗಳನ್ನು ಅಲ್ಲಿ ಇರಿಸಿ ಹೋದರು. ಸೌದೆ ಹೊತ್ತು ಬದುಕುವ ಅವನು ಆ ಹೊನ್ನನ್ನು ತನ್ನ ದಾಸೋಹಕ್ಕೆ ಬಳಸದೆ ಜಂಗಮರಿಗೆ ಹಂಚಿಬಿಟ್ಟನು.

ಮೂರು ಕಥೆಗಳಲ್ಲಿಯೂ ಕೊಡಲು ಬಂದ ಕೈ ಬಸವಣ್ಣನವರದು. ಬೇಡವೆಂದ ಕೈ ಬಡವನದು. ಹೆಚ್ಚಿಗೆ ಆಯ್ದದ್ದು, ಹೆಚ್ಚಿಗೆ ಬಂದ ಬೆಲೆ, ದುಡಿಯದೆ ದೊರೆತ ಹೊನ್ನು, ಈ ಮೂರನ್ನೂ ಶರಣರು ದಾಸೋಹಕ್ಕೆ ಅಯೋಗ್ಯವೆಂದು ಬಗೆದರು. ಇದ್ದುದರಲ್ಲಿ ಹೆಚ್ಚಿಗೆ ಕೊಡುವುದೇ ಧರ್ಮವೆಂದು ಲೋಕ ತಿಳಿದಿದ್ದಾಗ, ಗಳಿಕೆಯ ಶುದ್ಧಿಯೇ ಧರ್ಮದ ಮೊದಲ ಮೆಟ್ಟಿಲೆಂದು ಒಬ್ಬ ಬಡ ಗೃಹಿಣಿ ತೋರಿಸಿಕೊಟ್ಟಳು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ತಿಳಿಯಾಗುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾನಿಗೆ ಪುಣ್ಯ, ಯಾಚಕನಿಗೆ ಋಣ. ದಾಸೋಹದಲ್ಲಿ ಕೊಡುವವನೇ ದಾಸ. ಸ್ವೀಕರಿಸುವವನಲ್ಲಿ ಅವನು ಲಿಂಗವನ್ನು ಕಾಣುತ್ತಾನೆ, ತಾನು ಕೊಟ್ಟೆನೆಂಬ ಭಾವವನ್ನು ಬಿಡುತ್ತಾನೆ. ದಾನಕ್ಕೆ ಸಂಪತ್ತು ಬೇಕು. ದಾಸೋಹಕ್ಕೆ ಕಾಯಕವಿದ್ದರೆ ಸಾಕು. ಆದ್ದರಿಂದಲೇ ಹಗ್ಗ ಮಾರುವವನೂ ದಾಸೋಹಿಯಾಗಬಲ್ಲನು. ಐನೂರ್ವರ ಸಂಘ ಕೂಡಿ ಕೊಡುವ ಶಿಸ್ತನ್ನು ಕಲಿಸಿತು. ಶರಣರು ಕೊಡುವ ಮೊದಲು ತನ್ನನ್ನು ತಾನು ವಿಚಾರಿಸಿಕೊಳ್ಳುವ ಶಿಸ್ತನ್ನು ಕಲಿಸಿದರು. ಇವೆರಡೂ ಪರಸ್ಪರ ಪೂರಕವಾದವು.

ಶಾಸನಗಳ ಆಯಕ್ಕೆ ಈಚಿನ ಕಾಲದಲ್ಲಿಯೂ ಸೋದರ ಪದ್ಧತಿಯುಂಟು. ಭಾರತದ ಅನೇಕ ಪೇಟೆಗಳಲ್ಲಿ ವರ್ತಕರು ಪ್ರತಿಯೊಂದು ವ್ಯವಹಾರದಲ್ಲಿ ಧರ್ಮಾದಾಯವೆಂಬ ಸಣ್ಣ ಮೊತ್ತವನ್ನು ಪ್ರತ್ಯೇಕವಾಗಿ ಹಿಡಿದು, ಧರ್ಮಶಾಲೆ, ಗೋಶಾಲೆ, ಪಾಠಶಾಲೆ ಮುಂತಾದವುಗಳಿಗೆ ವಿನಿಯೋಗಿಸುತ್ತಿದ್ದರು. ಈ ಹಣವು ವರ್ತಕನ ಆದಾಯವೇ ಅಲ್ಲವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಧರ್ಮಕ್ಕೆಂದು ಪಡೆದ ಹಣ ವ್ಯಾಪಾರದ ವರಮಾನವಲ್ಲ, ವರ್ತಕನು ಅದನ್ನು ಧರ್ಮಕಾರ್ಯಕ್ಕಾಗಿಯೇ ಹಿಡಿದುಕೊಂಡಿರುತ್ತಾನೆಂಬುದು 1979ರ ನ್ಯಾಯವರದಿಗಳಲ್ಲಿ ಪ್ರಕಟವಾದ ತೀರ್ಪಿನ ಸಾರ. ಕಾನೂನಿನ ದೃಷ್ಟಿಯಲ್ಲಿ ಅದು ಅವನದಲ್ಲವೆಂದ ಮೇಲೆ, ಅದನ್ನು ಕೊಟ್ಟು ದಾನಿಯೆನಿಸಿಕೊಳ್ಳುವ ಹಕ್ಕೂ ಅವನಿಗಿಲ್ಲ. ಅದು ಗಿರಾಕಿಯ ಧರ್ಮ. ವರ್ತಕನು ಅದರ ಕಾವಲುಗಾರ. ಅವನ ಸ್ವಂತ ಧರ್ಮವು ಅವನ ಸ್ವಂತ ಗಳಿಕೆಯಿಂದಲೇ ಬರಬೇಕಾಗುತ್ತದೆ. ಲಕ್ಕಮ್ಮನ ಪ್ರಶ್ನೆ ಇಲ್ಲಿಯೂ ಬಿಟ್ಟಿಲ್ಲ.

ಸ್ವಂತ ಗಳಿಕೆಯನ್ನು ಊರಿಗೆ ಒಪ್ಪಿಸಿದ ವರ್ತಕರಿಗೆ ಈಚಿನ ಉದಾಹರಣೆಯಾಗಿ ಗುಬ್ಬಿ ತೋಟದಪ್ಪನವರನ್ನು (1838-1910) ನೆನೆಯಬೇಕು. ಗುಬ್ಬಿಯ ವೀರಶೈವ ಮನೆತನದಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿದ ಅವರಿಗೆ ಮಕ್ಕಳಿರಲಿಲ್ಲ. ಅವರು 1897ರಲ್ಲಿ ಬೆಂಗಳೂರು ನಗರ ರೈಲು ನಿಲ್ದಾಣದ ಎದುರಿಗೆ ನಿವೇಶನವನ್ನು ಕೊಂಡು ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಎಲ್ಲ ಮತಗಳ ಪ್ರಯಾಣಿಕರಿಗೆ ಅಲ್ಲಿ ತಂಗಲು ಅವಕಾಶವಾಯಿತು. ಹಳ್ಳಿಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗೆ ವಸತಿನಿಲಯವೂ ಏರ್ಪಟ್ಟಿತು. ಮಹಾರಾಜರು ಧರ್ಮಪ್ರವರ್ತ ಎಂಬ ಬಿರುದನ್ನೂ, ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಎಂಬ ಪದವಿಯನ್ನೂ ಅವರಿಗೆ ನೀಡಿದವು.

ಬಿರುದುಗಳಿಗಿಂತ ಇಲ್ಲಿ ಗಮನಿಸಬೇಕಾದದ್ದು ಅವರ ಆಯ್ಕೆಯ ವಿವೇಕ. ಹಳೆಯ ವ್ಯಾಪಾರಿಗಳು ಹೆದ್ದಾರಿಯ ಬದಿಯಲ್ಲಿ ಅರವಟ್ಟಿಗೆ, ಸತ್ರಗಳನ್ನು ನಡೆಸುತ್ತಿದ್ದರು. ಕಾಲ ಬದಲಾಗಿ ಜನಸಂಚಾರವು ರೈಲಿಗೆ ತಿರುಗಿದಾಗ, ತೋಟದಪ್ಪನವರು ಛತ್ರವನ್ನು ರೈಲು ನಿಲ್ದಾಣದ ಎದುರಿಗೆ ತಂದರು. ಜನರ ಕಷ್ಟ ಎಲ್ಲಿ ನಿಂತಿದೆಯೋ ಅಲ್ಲಿಯೇ ಧರ್ಮವನ್ನು ನಿಲ್ಲಿಸಿದರು. ಎರಡನೆಯದಾಗಿ, ಅದನ್ನು ತಮ್ಮ ಆಯುಷ್ಯಕ್ಕೆ ಕಟ್ಟಿಹಾಕದೆ ಧರ್ಮಸಂಸ್ಥೆಯ ಕೈಗೆ ಒಪ್ಪಿಸಿದರು. ಅವರು ತೀರಿಕೊಂಡು ಶತಮಾನ ಕಳೆದರೂ ಆ ಧರ್ಮ ಉಳಿದಿದೆ.

ತೆಲ್ಲಿಗರ ಐವತ್ತೊಕ್ಕಲಿನಿಂದ ಮಾಮೂಲುಪೇಟೆಯ ವರ್ತಕರವರೆಗಿನ ಈ ಇತಿಹಾಸದಲ್ಲಿ ಕೆಲವು ಮಾತುಗಳು ಸ್ಥಿರವಾಗಿ ನಿಲ್ಲುತ್ತವೆ. ಕೊಡುವುದು ಚಿಕ್ಕದಾದರೂ ನಿತ್ಯವಾಗಿರಬೇಕು. ಒಬ್ಬನಿಗೆ ಆಗದ್ದನ್ನು ವೃತ್ತಿಬಾಂಧವರು ಕೂಡಿ ಮಾಡಬೇಕು. ಕಣ್ಣೆದುರಿನ ಅಗತ್ಯಕ್ಕೆ ಅದು ಸಲ್ಲಬೇಕು. ಎಲ್ಲಕ್ಕೂ ಮೊದಲು ತಕ್ಕಡಿ ನೆಟ್ಟಗಿರಬೇಕು. ತೂಕದಲ್ಲಿ ಕದ್ದ ಸೇರನ್ನು ಛತ್ರದ ಅನ್ನದಲ್ಲಿ ತೀರಿಸಲಾಗದು. ಹೆಸರುಳಿಯದ ಆ ಗಾಣಿಗರು ಉರಿಸಿದ ದೀಪಗಳು ಎಂದೋ ಆರಿಹೋಗಿವೆ, ಆ ಗುಡಿಗಳಲ್ಲಿ ಹಲವು ಪಾಳುಬಿದ್ದಿವೆ. ಅಂಗಳದ ಹಿಡಿ ಅಕ್ಕಿಯನ್ನು ಹಿಂದಕ್ಕೆ ಸುರಿಸಿದ ಆ ತಾಯಿಯ ಮಾತು ಮಾತ್ರ, ಸಂಜೆ ಅಂಗಡಿಯ ಲೆಕ್ಕ ಬರೆಯಲು ಕುಳಿತ ಪ್ರತಿಯೊಬ್ಬನನ್ನೂ ಇಂದಿಗೂ ಕೇಳುತ್ತಲೇ ಇದೆ.