ಅನ್ನದ ಚೀಟಿ ಯಾರ ಕೈಲಿದೆ?



ನಮ್ಮ ಕೇರಿ ಹುಡುಗರು ದುಡ್ಡು ಕೂಡಿಸಿ ಹಸಿದವರಿಗೆ ಊಟದ ಟೋಕನ್ ಹಂಚೋಣ ಅಂತಿದ್ದಾರೆ. ಖುಷಿಯ ವಿಷಯ. ಅದಕ್ಕೂ ಮುಂಚೆ ಅಮೆರಿಕದ ಕಪ್ಪು ಜನರ ಈ ಚರಿತ್ರೆ ಗೊತ್ತಿರಲಿ. ನಾನು ಕಚೇರಿ ಗುಮಾಸ್ತ. ಒಂದು ಚೀಟಿ, ಒಂದು ಸೀಲು ಬಡವರನ್ನ ಎಷ್ಟು ದಿನ ಬಾಗಿಲಲ್ಲಿ ನಿಲ್ಲಿಸುತ್ತೆ ಅಂತ ದಿನಾ ನೋಡ್ತೀನಿ.

1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಫುಡ್ ಸ್ಟಾಂಪ್ ಶುರುವಾಯ್ತು. 1 ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ 50 ಸೆಂಟ್‌ನ ನೀಲಿ ಚೀಟಿ ಪುಕ್ಕಟೆ. ನೀಲಿ ಚೀಟಿಗೆ ಸಿಗ್ತಿದ್ದದ್ದು ಮಾರಾಟವಾಗದೆ ಮಿಕ್ಕ ಪದಾರ್ಥ ಮಾತ್ರ. 1943ರಲ್ಲಿ ನಿಂತ ಯೋಜನೆ 1961ರಲ್ಲಿ ಪ್ರಯೋಗವಾಗಿ ಮತ್ತೆ ಬಂತು, 1964ರಲ್ಲಿ ಕಾಯ್ದೆ ಆಯ್ತು.

ಈಗ ಮಿಸಿಸಿಪ್ಪಿಗೆ ಬನ್ನಿ. ಲೆಫ್ಲೋರ್ ಕೌಂಟಿಯ ಹತ್ತಿ ಹೊಲಗಳಲ್ಲಿ ದುಡಿಯೋ ಕಪ್ಪು ಜನಕ್ಕೆ ಚಳಿಗಾಲದಲ್ಲಿ ಕೂಲಿ ಇಲ್ಲ. ಸರ್ಕಾರದ ಪುಕ್ಕಟೆ ದಿನಸಿಯೇ ಆಧಾರ. ಅವರು ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಹೊರಟರು. 1962ರ ಕೊನೆಗೆ ಬಿಳಿಯರ ಕೈಲಿದ್ದ ಕೌಂಟಿ ಆಡಳಿತ ದಿನಸಿಯನ್ನೇ ನಿಲ್ಲಿಸ್ತು. ಓಟು ಕೇಳಿದ್ರೆ ಹಿಟ್ಟಿಲ್ಲ! ಎಸ್‌ಎನ್‌ಸಿಸಿ ಅನ್ನೋ ವಿದ್ಯಾರ್ಥಿ ಸಂಘಟನೆ ಉತ್ತರದ ನಗರಗಳಿಂದ ಆಹಾರ ತರಿಸಿ ಹಂಚಿತು. 1963ರಲ್ಲಿ ಹಾಸ್ಯ ಕಲಾವಿದ ಡಿಕ್ ಗ್ರೆಗರಿ ವಿಮಾನದಲ್ಲಿ ದಿನಸಿ ತಂದರು. ಹೆದರಿ ಮನೇಲಿ ಕೂರಬೇಕಿದ್ದ ಜನ ನೋಂದಣಿಗೆ ಸಾಲು ನಿಂತರು.

ಆಮೇಲೆ ಮಿಸಿಸಿಪ್ಪಿಯ ಎಷ್ಟೋ ಕಡೆ ಪುಕ್ಕಟೆ ದಿನಸಿ ಹೋಗಿ ಸ್ಟಾಂಪ್ ಬಂತು. ತಲೆಗೆ ತಿಂಗಳಿಗೆ ಕನಿಷ್ಠ 2 ಡಾಲರ್ ಕೊಟ್ಟೇ ಕೊಳ್ಳಬೇಕು. ಕೈಲಿ ಬಿಡಿಗಾಸಿಲ್ಲದವರು? 1967ರಲ್ಲಿ ವಕೀಲೆ ಮೇರಿಯನ್ ರೈಟ್ ಇದನ್ನ ಸೆನೆಟ್ ಸಮಿತಿ ಮುಂದೆ ಬಿಚ್ಚಿಟ್ಟರು. ಸೆನೆಟರ್ ರಾಬರ್ಟ್ ಕೆನಡಿ ಅಲ್ಲಿನ ಗುಡಿಸಲುಗಳಿಗೆ ಹೋಗಿ ಹಸಿದ ಮಕ್ಕಳನ್ನ ಕಣ್ಣಾರೆ ಕಂಡರು. ಆದರೂ ದುಡ್ಡು ಕೊಟ್ಟು ಕೊಳ್ಳೋ ನಿಯಮ ಕಾಯ್ದೆಯಿಂದ ಹೋಗೋಕೆ 1977 ಆಗಬೇಕಾಯ್ತು. ಹತ್ತು ವರ್ಷ!

ಜನ ಅಲ್ಲೀತನಕ ಕಾಯ್ತಾ ಕೂರಲಿಲ್ಲ. 1969ರಲ್ಲಿ ಓಕ್ಲೆಂಡ್‌ನ ಒಂದು ಚರ್ಚಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಮಕ್ಕಳಿಗೆ ಉಚಿತ ತಿಂಡಿ ಶುರು ಮಾಡಿದರು. ಅದೇ ಪ್ಯಾಂಥರ್ಸ್ ಹೆಸರು 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಆಯ್ತು.

ನಮ್ಮಲ್ಲೂ ಪ್ರಶ್ನೆ ಅದೇ: ಅನ್ನ ಯಾರ ಕೈಲಿದೆ? ಬಿಸಿಯೂಟದ ಅಡುಗೆ ಕೆಲಸದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ದಲಿತ ತಾಯಂದಿರು ಬೇಯಿಸಿದ್ದನ್ನ ಮಕ್ಕಳು ಮುಟ್ಟದ ಹಾಗೆ ತಡೆಯೋರು ಇದ್ದಾರೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಟೋಕನ್ ತಗೊಳ್ಳೋಕೆ ಹೆಸರು ಬೇಡ, ಜಾತಿ ಬೇಡ, ಕಾರ್ಡು ಬೇಡ. ಅದು ದೊಡ್ಡ ಮಾತು. ಆದರೆ ಆ 10 ರೂಪಾಯಿಯೂ ಇಲ್ಲದವರು ಇದ್ದಾರಲ್ಲ, ಕೇರಿಯ ಟೋಕನ್ ಅವರಿಗೆ ಮೊದಲು ಸಿಗಲಿ.

ಹಾಗಾಗಿ ತಮ್ಮಂದಿರೇ, ಟೋಕನ್ ಕೊಡುವಾಗ ಫೋಟೋ ಬೇಡ. ಹೆಸರು ಬರೆಯೋದು ಬೇಡ. ಬೇರೆ ಸಾಲು ಬೇಡ. ಎಲ್ಲರೂ ಉಣ್ಣೋ ಹೋಟೆಲಲ್ಲಿ, ಎಲ್ಲರ ಜೊತೆ ಕೂತು ಉಣ್ಣೋ ಹಾಗಿರಲಿ. ಮತ್ತೆ, ಟೋಕನ್ ಕೊಟ್ಟೆವು ಅಂತ ರೇಷನ್ ಕಾರ್ಡಿನ ಹೋರಾಟ ಬಿಡಬೇಡಿ. ಟೋಕನ್ ಇವತ್ತಿನ ಹಸಿವಿಗೆ. ಕಾರ್ಡು ನಾಳೆಯ ಹಕ್ಕಿಗೆ.

ಜೈಭೀಮ್.