ಲಗತ್ತಿನಲ್ಲಿ ಬಂದ ವೈರಸ್: ಮನೆ ಕಂಪ್ಯೂಟರಿನ ಕಾವಲಿನ ಕಥೆ

2000ನೇ ಇಸವಿಯ ಮೇ 4, ಗುರುವಾರ. ಫಿಲಿಪೈನ್ಸಿನ ಮನಿಲಾದಲ್ಲಿ ಹುಟ್ಟಿದ ಪುಟ್ಟ ಪ್ರೋಗ್ರಾಮೊಂದು ಇ-ಮೇಲ್ ಮೂಲಕ ಜಗತ್ತನ್ನು ಸುತ್ತಲು ಹೊರಟಿತು. ಪತ್ರದ ವಿಷಯ ಮೂರೇ ಪದ: 'ಐ ಲವ್ ಯು'. ಒಳಗೆ, 'ಲಗತ್ತಿಸಿರುವ ಪ್ರೇಮಪತ್ರವನ್ನು ದಯವಿಟ್ಟು ಓದಿ' ಎಂಬರ್ಥದ ಒಂದು ಸಾಲು. ಮನಿಲಾದ ಗಡಿಯಾರ ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಕಚೇರಿಗಳ ಬಾಗಿಲು ತೆರೆದಂತೆಲ್ಲ ವೈರಸ್ಸು ಸೂರ್ಯನ ಜೊತೆಯಲ್ಲೇ ಪೂರ್ವದಿಂದ ಪಶ್ಚಿಮಕ್ಕೆ ಸಾಗಿತು. ಏಷ್ಯಾದವರು ಅದನ್ನು ಬೆಳಗಿನ ಕಾಫಿಯ ಹೊತ್ತಿಗೇ ಕಂಡಾಗ, ಅದಕ್ಕೆ ಮದ್ದು ಅರೆಯಬೇಕಿದ್ದ ಅಮೆರಿಕದ ಆಂಟಿವೈರಸ್ ಕಂಪನಿಗಳ ಊರುಗಳಲ್ಲಿ ಇನ್ನೂ ರಾತ್ರಿ.

ಇಷ್ಟೊಂದು ಜನ ಅದನ್ನೇಕೆ ತೆರೆದರು? ಮೂರ್ಖರಾದ್ದರಿಂದ ಎಂಬ ಉತ್ತರ ಸುಲಭ, ಆದರೆ ತಪ್ಪು. ಪತ್ರ ಅಪರಿಚಿತರಿಂದ ಬಂದಿರಲಿಲ್ಲ. ಮೇಲಧಿಕಾರಿ, ಸಹಪಾಠಿ, ಚಿಕ್ಕಪ್ಪನ ಮಗ, ಇಂಥವರ ಹೆಸರಿನಲ್ಲೇ ಬಂದಿತ್ತು. 'ಗುರುತಿಲ್ಲದವರ ಪತ್ರ ತೆರೆಯಬೇಡಿ' ಎಂದು ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತು ಈ ದಾಳಿಯ ಮುಂದೆ ನಿರುಪಯುಕ್ತವಾಗಿತ್ತು. ಮನೆಯ ಕಂಪ್ಯೂಟರನ್ನು ಕಾಯುವ ವಿದ್ಯೆಯ ಇತಿಹಾಸವೆಂದರೆ, ಈ ತಪ್ಪು ಸಲಹೆಯಿಂದ ನಿಧಾನವಾಗಿ ಬಿಡಿಸಿಕೊಂಡ ಇತಿಹಾಸವೇ ಎಂದು ನನಗೆ ತೋರುತ್ತದೆ. ಬೆಂಗಳೂರಿನ ಹೊರವಲಯಕ್ಕೂ, ಕನ್ನಡದಲ್ಲಿ ಪತ್ರ ಬರೆಯುವವರಿಗೂ ಅದರಲ್ಲೊಂದು ಪಾಲಿದೆ.

ಇ-ಮೇಲ್ ಬೆಂಗಳೂರಿಗೆ ಮೊದಲು ಬಂದದ್ದು ವಿದ್ವಾಂಸರ ಮನೆಗೆ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಐಐಟಿಗಳ ಜೊತೆ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆ ಕಾಲದ ಇ-ಮೇಲ್ ಎಂದರೆ ಬರೀ ರೋಮನ್ ಅಕ್ಷರಗಳ ಸಾಲು. ಓದಬಹುದು, ಉತ್ತರಿಸಬಹುದು, ಅಷ್ಟೆ. ಅಂಚೆ ಕಾರ್ಡಿನೊಳಗೆ ಬಾಂಬು ಇಡಲಾಗದು ಎನ್ನುವಂತೆ, ಅದರಲ್ಲಿ ವೈರಸ್ ಅಡಗಲು ಜಾಗವಿರಲಿಲ್ಲ. ಆಗಿನ ವೈರಸ್ಸುಗಳ ವಾಹನ ಫ್ಲಾಪಿ. 1990ರಲ್ಲಿ ಭಾರತದಲ್ಲಿ ಪತ್ತೆಯಾದ 'ಜೋಶಿ' ವೈರಸ್ ಪ್ರತಿ ಜನವರಿ 5ರಂದು ಕಂಪ್ಯೂಟರನ್ನು ತಡೆದು ನಿಲ್ಲಿಸಿ, 'ಹ್ಯಾಪಿ ಬರ್ತ್‌ಡೇ ಜೋಶಿ' ಎಂದು ಟೈಪು ಮಾಡುವವರೆಗೂ ಬಿಡುತ್ತಿರಲಿಲ್ಲ. ಈಗ ನೋಡಿದರೆ ತುಂಟ ಹುಡುಗನ ಕೀಟಲೆಯಂತಿದೆ!

ಪರಿಸ್ಥಿತಿ ಬದಲಾದದ್ದು 1992ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ನೆಥಾನಿಯಲ್ ಬೋರೆನ್‌ಸ್ಟೈನ್ ಎಂಬ ಅಮೆರಿಕದ ತಜ್ಞರು 'ಮೈಮ್' ಎಂಬ ಹೊಸ ವಿಧಾನದಲ್ಲಿ ಇ-ಮೇಲಿಗೆ ಲಗತ್ತು ಸೇರಿಸಿ ಕಳಿಸಿದರು. ಇದರ ಹಿಂದಿನ ಉಪಾಯ ಸರಳ. ತರಗತಿಯಲ್ಲಿ ಕರಿಹಲಗೆಯ ಮೇಲೆ ತೋರಿಸಬಹುದು. ಚಿತ್ರವಾಗಲಿ, ಧ್ವನಿಯಾಗಲಿ, ಪ್ರೋಗ್ರಾಂ ಆಗಲಿ, ಎಲ್ಲವೂ ಬೈಟುಗಳ ಸರಣಿ. ಮೂರು ಬೈಟು ಎಂದರೆ 24 ಬಿಟ್. ಅದನ್ನು ಆರಾರು ಬಿಟ್‌ಗಳ ನಾಲ್ಕು ತುಂಡು ಮಾಡಿ. ಆರು ಬಿಟ್‌ನಿಂದ 64 ಸಂಖ್ಯೆಗಳು ಸಾಧ್ಯ. ಒಂದೊಂದಕ್ಕೂ ಒಂದು ಅಕ್ಷರ ಅಥವಾ ಚಿಹ್ನೆ ಕೊಟ್ಟುಬಿಟ್ಟರೆ ಯಾವ ಕಡತವನ್ನಾದರೂ ಅಕ್ಷರಗಳ ಸಾಲಾಗಿಸಿ ಪತ್ರದೊಳಗೆ ಸಾಗಿಸಬಹುದು. 300 ಕಿಲೋಬೈಟಿನ ಭಾವಚಿತ್ರ ಸುಮಾರು 400 ಕಿಲೋಬೈಟ್ ಆಗುತ್ತದೆ; ಸಾಗಣೆಯ ಬಾಡಿಗೆ ಅಷ್ಟೆ. ಚಿತ್ರ ಹೋದ ದಾರಿಯಲ್ಲೇ ಪ್ರೋಗ್ರಾಮೂ ಹೋಗುತ್ತದೆ. ಮಧ್ಯದ ಅಂಚೆಯಾಳಿಗೆ ಎರಡೂ ಒಂದೇ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತು. 1998ರಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ದೊರೆಯಿತು. ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿ ಅಷ್ಟು ಹೊತ್ತಿಗೆ ತಂತ್ರಾಂಶ ಕಂಪನಿಗಳಿಂದ ತುಂಬತೊಡಗಿತ್ತು. ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ಕೆಲಸ ಮಾಡುವವರು ಮನೆಗೂ ಕಂಪ್ಯೂಟರ್ ತಂದರು, ಬಹಳಷ್ಟು ಜನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡು. ಕಚೇರಿಯ ಯಂತ್ರಕ್ಕೆ ಕಾವಲಿತ್ತು, ಅದನ್ನು ನೋಡಿಕೊಳ್ಳಲು ಸಂಬಳದ ಆಳಿದ್ದರು. ಮನೆಯ ಯಂತ್ರಕ್ಕೆ ಇದ್ದದ್ದು ಕಿರುಗುಟ್ಟುವ ಮೋಡೆಮ್ ಮತ್ತು ವಿಂಡೋಸ್ 98. ಆ ವಿಂಡೋಸಿನಲ್ಲಿ ಯಾವುದೇ ಪ್ರೋಗ್ರಾಂ ಒಮ್ಮೆ ಓಡಲು ಶುರುವಾದರೆ ಸಾಕು, ಯಂತ್ರದ ಪ್ರತಿ ಮೂಲೆಗೂ ಅದಕ್ಕೆ ಪ್ರವೇಶವಿತ್ತು. ಯಜಮಾನ, ಅತಿಥಿ ಎಂಬ ಭೇದವೇ ಇರಲಿಲ್ಲ.

ಇಲ್ಲಿ ಕನ್ನಡದ ಮಾತು ಬರುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಮನೆಮನೆಯಲ್ಲೂ ಕನ್ನಡ ಟೈಪಿಸಲು ಸಾಧ್ಯವಾಯಿತು. ಆದರೆ ಇ-ಮೇಲಿನ ಒಡಲಲ್ಲಿ ಕನ್ನಡ ಕೂರುತ್ತಿರಲಿಲ್ಲ. ಅಂಟಿಸಿದರೆ, ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಆದ್ದರಿಂದ ಅಮೆರಿಕದಲ್ಲಿರುವ ಮಗನಿಗೆ ತಾಯಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕಾದರೂ ಅದನ್ನು ವರ್ಡ್ ಕಡತವಾಗಿಯೋ ಚಿತ್ರವಾಗಿಯೋ ಲಗತ್ತಿಸಬೇಕಿತ್ತು. ಕೆಲವೊಮ್ಮೆ ಫಾಂಟಿನ ಕಡತವನ್ನೂ ಜೊತೆಗಿಡಬೇಕಿತ್ತು. ಇಂಗ್ಲಿಷಿನವರಿಗೆ ಲಗತ್ತು ಎಂಬುದು ಪತ್ರದ ಜೊತೆಗಿನ ಬುತ್ತಿ. ನಮಗೆ ಲಗತ್ತೇ ಪತ್ರ. 'ಲಗತ್ತು ತೆರೆಯಬೇಡಿ' ಎಂದು ಕನ್ನಡಿಗರಿಗೆ ಹೇಳುವುದೂ 'ಪತ್ರ ಓದಬೇಡಿ' ಎಂದು ಹೇಳುವುದೂ ಒಂದೇ ಆಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗ' ಎಂಬ ಯೂನಿಕೋಡ್ ಫಾಂಟ್ ಸೇರಿ, ಯೂನಿಕೋಡ್ ಬಳಕೆ ಹಬ್ಬಿದ ಮೇಲೆ ಈ ಕಷ್ಟ ನೀಗಿತು. ಯೂನಿಕೋಡನ್ನು ಭಾಷಾಭಿಮಾನದ ದೃಷ್ಟಿಯಿಂದಷ್ಟೇ ಹೊಗಳುತ್ತೇವೆ. ಅದು ಸುರಕ್ಷತೆಗೂ ನೆರವಾಯಿತು ಎಂಬುದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ವರ್ಡ್ ಕಡತದೊಳಗೂ ಪ್ರೋಗ್ರಾಂ ಅಡಗಬಹುದು ಎಂಬುದನ್ನು ಎಲ್ಲರ ಗಮನಕ್ಕೂ ತಂದದ್ದು 1999ರ ಮಾರ್ಚ್ 26ರಂದು ಹರಡಿದ 'ಮೆಲಿಸ್ಸಾ'. ವರ್ಡ್‌ನಲ್ಲಿ ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸಲು 'ಮ್ಯಾಕ್ರೋ' ಎಂಬ ಸೌಲಭ್ಯವಿದೆ. ಮೆಲಿಸ್ಸಾ ಅದನ್ನೇ ಬಳಸಿಕೊಂಡು ವಿಳಾಸ ಪುಸ್ತಕದ ಮೊದಲ 50 ಜನರಿಗೆ ತನ್ನನ್ನೇ ರವಾನಿಸಿಕೊಂಡಿತು. ಮರುವರ್ಷದ ಪ್ರೇಮಪತ್ರಕ್ಕೆ ಐವತ್ತು ಸಾಲಲಿಲ್ಲ. ಅದು ಔಟ್‌ಲುಕ್‌ನ ವಿಳಾಸ ಪುಸ್ತಕದ ಎಲ್ಲರಿಗೂ ಹೋಯಿತು, ಜೊತೆಗೆ ಯಂತ್ರದಲ್ಲಿದ್ದ ಜೆಪಿಜಿ ಚಿತ್ರಗಳ ಮೇಲೆ ತನ್ನದೇ ಪ್ರತಿಯನ್ನು ಬರೆದು ಅಳಿಸಿತು. ಮನೆಯವರಿಗೆ ನಿಜವಾದ ನಷ್ಟ ಇದು. ಕಚೇರಿಯ ಕಡತಕ್ಕೆ ನಕಲಿತ್ತು. ಮಗುವಿನ ನಾಮಕರಣದ ಚಿತ್ರಕ್ಕೆ ಇರಲಿಲ್ಲ.

ಅದು ಕಣ್ಣು ತಪ್ಪಿಸಿದ ಬಗೆ ಗಮನಿಸಬೇಕಾದದ್ದು. ಕಡತದ ಹೆಸರಿಗೆ ಚುಕ್ಕಿಯ ನಂತರ ಒಂದು ಬಾಲವಿರುತ್ತದೆ. ಟಿಎಕ್ಸ್‌ಟಿ ಎಂದಿದ್ದರೆ ಬರೀ ಪಠ್ಯ, ಇಎಕ್ಸ್‌ಇ ಅಥವಾ ವಿಬಿಎಸ್ ಎಂದಿದ್ದರೆ ಓಡುವ ಪ್ರೋಗ್ರಾಂ. ವೈರಸ್ಸಿನ ಪೂರ್ಣ ಹೆಸರು 'ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್'. ಎರಡು ಬಾಲ! ವಿಂಡೋಸ್ ತನಗೆ ಗೊತ್ತಿರುವ ಬಗೆಯ ಕಡತವಾದರೆ ಕೊನೆಯ ಬಾಲವನ್ನು ಮರೆಮಾಡಿ ತೋರಿಸುತ್ತಿತ್ತು, ನೋಡಲು ಚೊಕ್ಕಟವಾಗಿರಲಿ ಎಂದು. ಹೀಗಾಗಿ ಅನೇಕರ ಕಣ್ಣಿಗೆ ಬಿದ್ದದ್ದು ನಿರುಪದ್ರವಿ ಟಿಎಕ್ಸ್‌ಟಿ ಮಾತ್ರ. ಇಲ್ಲಿ ತಪ್ಪು ತೆರೆದವರದೋ, ಮುಚ್ಚಿಟ್ಟವರದೋ? ವಿದ್ಯಾರ್ಥಿಗಳು ಚರ್ಚಿಸಲಿ. ನನ್ನ ತೀರ್ಪಂತೂ ಮುಚ್ಚಿಟ್ಟವರ ವಿರುದ್ಧ.

ಮುಂದಿನ ವರ್ಷ, 2001ರ ಜುಲೈಯಲ್ಲಿ, 'ಸರ್‌ಕ್ಯಾಮ್' ಬಂತು. ಇದರ ದುರುಳತನ ಬೇರೆ ತೆರನದು. 'ನಿಮ್ಮ ಸಲಹೆ ಬೇಕಾಗಿ ಈ ಕಡತ ಕಳಿಸುತ್ತಿದ್ದೇನೆ' ಎಂಬ ಒಕ್ಕಣೆಯೊಡನೆ, ಯಂತ್ರದಲ್ಲಿದ್ದ ನಿಜವಾದ ಕಡತವೊಂದನ್ನೇ ಎತ್ತಿ, ಅದಕ್ಕೆ ತನ್ನನ್ನು ಅಂಟಿಸಿಕೊಂಡು, ಸಿಕ್ಕಿದ ವಿಳಾಸಗಳಿಗೆಲ್ಲ ಹಂಚುತ್ತಿತ್ತು. ಪೀಣ್ಯದಂಥ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವವರೊಬ್ಬರನ್ನು ಊಹಿಸಿಕೊಳ್ಳಿ. ಹಗಲು ಲೇತ್ ಯಂತ್ರದ ಮುಂದೆ, ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಕೊಟೇಶನ್ ತಯಾರಿ. ಅದೇ ಯಂತ್ರದಲ್ಲಿ ಮಕ್ಕಳ ಆಟವೂ ನಡೆಯುತ್ತದೆ. ಅವರು ಒಬ್ಬ ಗ್ರಾಹಕರಿಗೆ ಕೊಟ್ಟ ದರಪಟ್ಟಿ ಇನ್ನೊಬ್ಬ ಗ್ರಾಹಕರ ಅಂಚೆಪೆಟ್ಟಿಗೆಗೆ ಅವರದೇ ಹೆಸರಿನಲ್ಲಿ ಹೋಗಿ ಬಿದ್ದರೆ? ಯಂತ್ರವನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಬಹುದು, ಹೋದ ದರಪಟ್ಟಿಯನ್ನು ಹಿಂದಕ್ಕೆ ಕರೆಯಲಾಗದು.

2002ರ 'ಕ್ಲೆಜ್' ಇನ್ನೂ ಒಂದು ಹೆಜ್ಜೆ ಮುಂದೆ. ಕಳಿಸುವವರ ಜಾಗದಲ್ಲಿ ವಿಳಾಸ ಪುಸ್ತಕದ ಮತ್ತಾರದೋ ಹೆಸರನ್ನು ಅದು ತಾನೇ ಬರೆದುಕೊಳ್ಳುತ್ತಿತ್ತು. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಇ-ಮೇಲಿನ ಮೂಲ ನಿಯಮಗಳಲ್ಲೂ ಅದನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಸೋಂಕಿಲ್ಲದವರಿಗೆ 'ನಿಮ್ಮಿಂದ ವೈರಸ್ ಬಂತು' ಎಂಬ ಬೈಗುಳ ತಲುಪುತ್ತಿತ್ತು, ಸೋಂಕು ಹತ್ತಿದವರಿಗೆ ಸುದ್ದಿಯೇ ಇಲ್ಲ. ಅದೇ ವರ್ಷ ನಮ್ಮ ದೇಶದವರದೇ ಎನ್ನಲಾದ 'ಯಾಹಾ' ಎಂಬ ಇ-ಮೇಲ್ ವೈರಸ್ ಕೂಡ ಹರಡಿತು. ಅದರ ಒಂದು ರೂಪ ಪಾಕಿಸ್ತಾನ ಸರ್ಕಾರದ ಜಾಲತಾಣದ ಮೇಲೆ ದಾಳಿ ಮಾಡುವಂತೆ ರಚಿತವಾಗಿತ್ತು. ದೇಶಪ್ರೇಮದ ಹೆಸರಿನಲ್ಲಿ ಹಾಳಾದದ್ದು ಮಾತ್ರ ಯಾವ ಜಗಳಕ್ಕೂ ಸಂಬಂಧವಿಲ್ಲದ ಮನೆಗಳ ಯಂತ್ರಗಳು.

ಕಾನೂನು ಹಿಂದೆ ಬಿದ್ದಿರಲಿಲ್ಲ ಎನ್ನಬೇಕು. ಪ್ರೇಮಪತ್ರದ ಕರ್ತನೆಂದು ಹಿಡಿಯಲಾದ ಯುವಕನನ್ನು ಫಿಲಿಪೈನ್ಸಿನಲ್ಲಿ ತಕ್ಕ ಕಾನೂನಿಲ್ಲದೆ ಬಿಟ್ಟುಬಿಡಬೇಕಾಯಿತು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2000ದ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು, ಅಕ್ಟೋಬರ್ 17ರಂದು ಅದು ಜಾರಿಯಾಯಿತು. ಅದರ 43ನೇ ಕಲಮು ಬೇರೆಯವರ ಯಂತ್ರಕ್ಕೆ ವೈರಸ್ ಸೇರಿಸುವುದನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ತೆರೆಯಿತು. 2004ರ ಜನವರಿಯಲ್ಲಿ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆ ಕೆಲಸ ಆರಂಭಿಸಿತು. ಆದರೆ ವೈರಸ್ಸು ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ, ಕಾನೂನು ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ.

ಹಾಗಾದರೆ ಆಂಟಿವೈರಸ್ ತಂತ್ರಾಂಶ? ಪ್ರತಿ ವೈರಸ್ಸಿನಲ್ಲೂ ಅದಕ್ಕೇ ವಿಶಿಷ್ಟವಾದ ಬೈಟುಗಳ ಸರಣಿ ಇರುತ್ತದೆ, ಬೆರಳಚ್ಚಿನಂತೆ. ಆ ಬೆರಳಚ್ಚುಗಳ ಪಟ್ಟಿಯೊಡನೆ ಕಡತಗಳನ್ನು ಹೋಲಿಸುವುದು ಅದರ ಮೂಲ ಕೆಲಸ. ಪಟ್ಟಿ ಹಳೆಯದಾದರೆ ಕಾವಲುಗಾರ ಕುರುಡ. ಈಗ ಒಂದು ಲೆಕ್ಕ ಮಾಡೋಣ. 4 ಮೆಗಾಬೈಟಿನ ಪಟ್ಟಿ ಎಂದರೆ ಸುಮಾರು 320 ಲಕ್ಷ ಬಿಟ್. ಸೆಕೆಂಡಿಗೆ 40 ಸಾವಿರ ಬಿಟ್ ಇಳಿಸುವ ಡಯಲಪ್ ಸಂಪರ್ಕದಲ್ಲಿ ಅದಕ್ಕೆ 800 ಸೆಕೆಂಡು, ಅಂದರೆ 13 ನಿಮಿಷಕ್ಕೂ ಹೆಚ್ಚು. ಅಷ್ಟೂ ಹೊತ್ತು ದೂರವಾಣಿಯ ಮೀಟರ್ ಓಡುತ್ತದೆ, ಮನೆಗೆ ಬರುವ ಕರೆಗಳು ನಿಲ್ಲುತ್ತವೆ. ವಾರಕ್ಕೊಮ್ಮೆ ಇಳಿಸಿಕೊಳ್ಳಿ ಎಂಬ ಸಲಹೆಯನ್ನು ಮನೆಯವರು ಪಾಲಿಸದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂದಮೇಲೆ ಪಟ್ಟಿ ತಾನಾಗಿಯೇ ಇಳಿಯತೊಡಗಿತು. (ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು 'ಐಕಾರ್' ಎಂಬ 68 ಅಕ್ಷರಗಳ ನಿರುಪದ್ರವಿ ಕಡತವಿದೆ. ಎಲ್ಲ ತಯಾರಕರೂ ಒಪ್ಪಿ ಅದನ್ನು ವೈರಸ್ಸೆಂದೇ ಗುರುತಿಸುತ್ತಾರೆ. ಶಾಲಾ ಪ್ರಯೋಗಾಲಯದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.)

ಕಾವಲು ಬಿಗಿಯಾದಂತೆ ಕಳ್ಳನೂ ಕಲಿತ. 2004ರ 'ಬೇಗಲ್' ವೈರಸ್ಸಿನ ಕೆಲವು ರೂಪಗಳು ಬೀಗ ಹಾಕಿದ ಜಿಪ್ ಕಡತದಲ್ಲಿ ಬಂದವು. ಒಳಗೇನಿದೆ ಎಂದು ಆಂಟಿವೈರಸ್ಸಿಗೆ ನೋಡಲಾಗದು. ಬೀಗದ ಗುಪ್ತಪದವನ್ನು ಪತ್ರದಲ್ಲೇ ಬರೆದಿತ್ತು. ಓದಿದವರು ಶ್ರಮವಹಿಸಿ ಗುಪ್ತಪದ ಟೈಪಿಸಿ, ಬೀಗ ತೆಗೆದು, ವೈರಸ್ಸನ್ನು ಕೈಯಾರೆ ಓಡಿಸಿದರು!

ನಿಜವಾದ ಬದಲಾವಣೆ ಬಂದದ್ದು ಮನೆಯವರಿಗೆ ಬುದ್ಧಿ ಹೇಳುವುದರಿಂದಲ್ಲ, ತಯಾರಕರು ತಮ್ಮ ವಸ್ತುವನ್ನು ತಿದ್ದಿದ್ದರಿಂದ. ಪ್ರೇಮಪತ್ರದ ಪೆಟ್ಟಿನ ನಂತರ, 2000ದ ಜೂನ್‌ನಲ್ಲಿ, ಓಡುವ ಕಡತಗಳನ್ನು ಲಗತ್ತಾಗಿ ತೆರೆಯದಂತೆ ಔಟ್‌ಲುಕ್‌ಗೆ ತಡೆ ಬಂತು. ಮನೆಗಳಲ್ಲಿ ಹೆಚ್ಚಾಗಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಅದು ತಲುಪಲು ಇನ್ನೂ ಕಾಲ ಹಿಡಿಯಿತು. 2004ರ ಆಗಸ್ಟಿನ ಎಕ್ಸ್‌ಪಿ ಎರಡನೇ ಸರ್ವಿಸ್ ಪ್ಯಾಕ್, ಹೊರಗಿನಿಂದ ಬಂದ ಕಡತಕ್ಕೆ ಗುರುತು ಹಚ್ಚಿ ತೆರೆಯುವ ಮುನ್ನ ಎಚ್ಚರಿಸತೊಡಗಿತು. 2012ರ ವಿಂಡೋಸ್ 8ರಲ್ಲಿ ಆಂಟಿವೈರಸ್ ಯಂತ್ರದ ಜೊತೆಗೇ ಬಂತು. ಮೆಲಿಸ್ಸಾ ತೋರಿಸಿಕೊಟ್ಟ ಮ್ಯಾಕ್ರೋ ಬಾಗಿಲು ಮುಚ್ಚಲು ಮಾತ್ರ 2022ರವರೆಗೆ ಕಾಯಬೇಕಾಯಿತು. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ಆ ವರ್ಷ ತಡೆದಿಟ್ಟಿತು. ಇಪ್ಪತ್ತಮೂರು ವರ್ಷ!

ಮನೆಯವರ ಕೈಯಲ್ಲಿ ಉಳಿದದ್ದು ಕಡಿಮೆ, ಆದರೆ ಅದು ಹಳೆಯದಾಗಿಲ್ಲ. ಪತ್ರ ಯಾರದೆಂದು ನೋಡುವ ಬದಲು ಕಡತ ಯಾವ ಜಾತಿಯದೆಂದು ನೋಡುವುದು. ಕಾಯದೇ ಬಂದ ಲಗತ್ತಾದರೆ ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳುವುದು. ಚಿತ್ರ, ದಾಖಲೆಗಳ ಇನ್ನೊಂದು ಪ್ರತಿಯನ್ನು ಯಂತ್ರದಿಂದ ಬಿಡಿಸಿ ಇಡುವುದು, ಅಂದು ಸಿ.ಡಿ.ಯಲ್ಲಿ, ಇಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. 2024ರ ಕೊನೆಯಲ್ಲಿ ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ ಕಡತಗಳ ಬಗ್ಗೆ ನಮ್ಮ ದೇಶದ ಪೊಲೀಸರು ಎಚ್ಚರಿಸಬೇಕಾಯಿತು. ಎಪಿಕೆ ಎಂಬುದು ಮೊಬೈಲಿನಲ್ಲಿ ಓಡುವ ಪ್ರೋಗ್ರಾಮಿನ ಬಾಲ. ಪ್ರೇಮಪತ್ರದ ಜಾಗಕ್ಕೆ ಲಗ್ನಪತ್ರಿಕೆ ಬಂದಿದೆ, ಅಷ್ಟೆ.

ಅಂದಹಾಗೆ, ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಯಾವುದಾದರೂ ಫೋಲ್ಡರ್ ತೆರೆದು ನೋಡಿ. ಯಾರೂ ಸೆಟ್ಟಿಂಗ್ ಬದಲಿಸಿಲ್ಲವಾದರೆ, ವಿಂಡೋಸ್ 11 ಕೂಡ ಕಡತಗಳ ಬಾಲವನ್ನು ಮುಚ್ಚಿಯೇ ತೋರಿಸುತ್ತದೆ. ಬಿಚ್ಚಿ ತೋರಿಸುವಂತೆ ಮಾಡಲು 'ವ್ಯೂ' ಪಟ್ಟಿಯಲ್ಲಿ 'ಶೋ' ಒತ್ತಿ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದರ ಮುಂದೆ ಗುರುತು ಹಾಕಿದರೆ ಸಾಕು.