ಪಟ್ಟಿಯಲ್ಲಿ ಹೆಸರಿಲ್ಲದ ಶೇವಂತಾ

ನಮ್ಮ ವಾಡೆಯ ಆಜಿಗೂ ನನಗೂ ವರ್ಷಗಟ್ಟಲೆಯಿಂದ ನಡೆದುಬಂದ ಒಂದು ಜಗಳವಿದೆ. ‘ರಾತ್ರೀಸ ಖೇಳ ಚಾಲೇ’ ಧಾರಾವಾಹಿಯ ಮೂರು ಸೀಸನ್‌ಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ, ಯಾವುದಕ್ಕೆ ಕೊನೆಯ ಸ್ಥಾನ ಎಂಬ ಜಗಳ. ಕೊನೆಯ ಸ್ಥಾನದ ಬಗ್ಗೆ ತಕರಾರಿಲ್ಲ. ಮೊದಲ ಸ್ಥಾನದ ಬಗ್ಗೆ ಇವತ್ತಿಗೂ ರಾಜಿಯಾಗಿಲ್ಲ. ಈಗ ವಾಡೆಯನ್ನೇ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ಪಕ್ಕಾ ಆಗಿದೆ. ಜಗಳ ಆಡಲು ಪಡಸಾಲೆಯೇ ಇಲ್ಲದಂತಾಗುವ ಮೊದಲು ಇದನ್ನು ಬರೆದಿಡೋಣ ಅನ್ನಿಸಿತು.

ಮರಾಠಿ ಟಿವಿ ನೋಡದವರಿಗೆ ಸ್ವಲ್ಪ ವಿವರ ಹೇಳಬೇಕು. ಈ ಧಾರಾವಾಹಿ ಝೀ ಮರಾಠಿಯಲ್ಲಿ ಬರುತ್ತಿತ್ತು. ಮೊದಲ ಸೀಸನ್ 2016ರ ಫೆಬ್ರುವರಿ 22ರಿಂದ ಅಕ್ಟೋಬರ್ 22ರವರೆಗೆ. ಎರಡನೆಯದು 2019ರ ಜನವರಿ 14ಕ್ಕೆ ಶುರುವಾಗಿ, ನಡುವೆ ಲಾಕ್‌ಡೌನಿಗೆ ಸಿಕ್ಕಿ ನಿಂತು, 2020ರ ಆಗಸ್ಟ್ 29ಕ್ಕೆ ಮುಗಿಯಿತು. ಮೂರನೆಯದು 2021ರ ಮಾರ್ಚ್‌ನಲ್ಲಿ ಶುರುವಾಗಿ, ಮತ್ತೆ ನಿಂತು, 2022ರ ಏಪ್ರಿಲ್ ತನಕ ನಡೆಯಿತು. ‘ರಾತ್ರಿ ಆಟ ನಡೆಯುತ್ತದೆ’ ಎಂಬರ್ಥದ ಆ ಹೆಸರು 1976ರ ‘ಹಾ ಖೇಳ ಸಾವಲ್ಯಾಂಚಾ’ ಚಿತ್ರದ ಹಾಡಿನಿಂದ ಬಂದದ್ದು. ಕಥೆ ನಡೆಯುವುದು ಕೊಂಕಣದ ನಾಯಕರ ದೊಡ್ಡ ಮನೆಯಲ್ಲಿ. ಚಿತ್ರೀಕರಣವಾದದ್ದು ಸಾವಂತವಾಡಿ ಹತ್ತಿರದ ಆಕೇರಿಯಲ್ಲಿ. ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಿಗುವ ಸೀಮೆ ಅದು. ನಮ್ಮ ಕಡೆಯವರಿಗೆ ದೂರದ್ದಲ್ಲ.

ನಾನು ಧಾರವಾಡದವಳು. ಭಾಷಾಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಅನುವಾದದ ಕೆಲಸ ಹಿಡಿದು, ಸದಾಶಿವ ಪೇಠೆಯ ಈ ವಾಡೆಯ ಮಾಳಿಗೆಯಲ್ಲಿ ಬಾಡಿಗೆಗೆ ಬಂದಾಗ ಮೊದಲ ಸೀಸನ್ ನಡೆದಿತ್ತು. ರಾತ್ರಿ ಹತ್ತೂವರೆಗೆ ಕೆಳಗೆ ಟಿವಿ ಸದ್ದು. ಪಾನಿಪತದಲ್ಲಿ ಮಡಿದ ಸದಾಶಿವರಾವ್ ಭಾವೂ ಹೆಸರು ಹೊತ್ತ ಈ ಪೇಠೆ, ಭಾರತ ಇತಿಹಾಸ ಸಂಶೋಧಕ ಮಂಡಳ, ಭರತ ನಾಟ್ಯ ಮಂದಿರಗಳ ಪೇಠೆ, ತನ್ನ ಮರಾಠಿಯೇ ಶುದ್ಧ ಮರಾಠಿ ಎಂದು ನಂಬಿರುವ ಪೇಠೆ. ಇಲ್ಲಿ ‘ಮಲಾ’, ‘ತುಲಾ’ ಅನ್ನಬೇಕು. ಆದರೆ ಹತ್ತೂವರೆಗೆ ಕೆಳಗಿನಿಂದ ಬರುತ್ತಿದ್ದದ್ದು ‘ಮಾಕಾ’, ‘ತುಕಾ’. ಮಾಲವಣಿ! ನಾನು ಮೆಟ್ಟಿಲಿಳಿದು ಹೋದದ್ದು ದೆವ್ವ ನೋಡಲಿಕ್ಕಲ್ಲ, ಆ ಚತುರ್ಥೀ ವಿಭಕ್ತಿ ಕೇಳಲಿಕ್ಕೆ. ಆಜಿಯ ತವರು ಕೊಂಕಣ. ಮದುವೆಯಾಗಿ ಈ ಪೇಠೆಗೆ ಬಂದಮೇಲೆ ಬಿಟ್ಟುಬಿಟ್ಟಿದ್ದ ಮಾತು ಅವರಿಗೆ ಟಿವಿಯಲ್ಲಿ ಮರಳಿ ಸಿಕ್ಕಿತ್ತು.

ಆದರೆ ನನಗೆ ಒಂದು ಮುಜುಗರವಿತ್ತು. 2013ರ ಆಗಸ್ಟ್ 20ರ ಬೆಳಗ್ಗೆ ನರೇಂದ್ರ ದಾಭೋಲಕರರನ್ನು ಗುಂಡಿಟ್ಟು ಕೊಂದ ಸೇತುವೆ, ಓಂಕಾರೇಶ್ವರ ಗುಡಿಯ ಹತ್ತಿರದ್ದು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಮೂಢನಂಬಿಕೆಯ ಹೆಸರಲ್ಲಿ ನಡೆಯುವ ಸುಲಿಗೆಯ ವಿರುದ್ಧ ಕಾಯ್ದೆ ಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. ಕಾಯ್ದೆ ಬಂದದ್ದು ಅವರು ಸತ್ತ ಮೇಲೆ, ಅದೇ ವರ್ಷ. 2015ರ ಆಗಸ್ಟ್ 30ಕ್ಕೆ ನನ್ನ ಊರಿನಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಅದಾಗಿ ಆರು ತಿಂಗಳು ತುಂಬುವ ಮೊದಲೇ ಈ ಧಾರಾವಾಹಿ ಶುರು. ಇದು ಮೂಢನಂಬಿಕೆ ಹರಡುತ್ತದೆ, ನಮ್ಮ ಸೀಮೆಗೆ ಕೆಟ್ಟ ಹೆಸರು ತರುತ್ತದೆ ಎಂದು ಕೊಂಕಣದಲ್ಲೇ ವಿರೋಧ ಎದ್ದಿತ್ತು. ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ ಕೂತು ದೆವ್ವದ ಧಾರಾವಾಹಿಗೆ ಮನಸೋಲಬಹುದೇ?

ಆದ್ದರಿಂದ ನನ್ನ ಅಳತೆಗೋಲು ಹೆದರಿಕೆಯದಲ್ಲ. ಹೆದರಿಕೆಯನ್ನೇ ಅಳೆಯುವುದಾದರೆ 1993ರ ‘ಝೀ ಹಾರರ್ ಶೋ’, 1995ರ ‘ಆಹಟ್’ ಸಾಕು. ಚಿಕ್ಕಂದಿನಲ್ಲಿ ಅವನ್ನು ಚಾದರದ ಸಂದಿನಿಂದ ನೋಡಿದ ತಲೆಮಾರು ನಮ್ಮದು. ನಾನು ಕೇಳುವ ಪ್ರಶ್ನೆ ಇದು: ದೆವ್ವ ಬಂತು ಅಂದಾಗ ಈ ಸೀಸನ್ ನಮ್ಮನ್ನು ಎಲ್ಲಿಗೆ ಕಳಿಸುತ್ತದೆ? ಮಂತ್ರವಾದಿಯ ಮನೆಗೋ, ಆ ಮನೆಯ ಇತಿಹಾಸಕ್ಕೋ?

ಹೀಗೆ ಅಳೆದರೆ ಮೂರನೆಯ ಸ್ಥಾನ ಮೂರನೆಯ ಸೀಸನ್ನಿಗೆ. ಮನೆ ಪಾಳು ಬಿದ್ದಿದೆ, ಸತ್ತ ಅಣ್ಣಾ ನಾಯಕ ಮತ್ತು ಶೇವಂತಾ ಅಲ್ಲಿ ಓಡಾಡುತ್ತಾರೆ, ಬಂದವರನ್ನು ಕಾಡುತ್ತಾರೆ. ಆ ಹೊತ್ತಿಗೆ ಈ ಇಬ್ಬರೂ ಮಹಾರಾಷ್ಟ್ರದ ಮನೆಮಾತಾಗಿದ್ದರು. ಹೆಸರು ಮಾಡಿದ ದೆವ್ವವನ್ನು ಮತ್ತೆ ಮತ್ತೆ ತೆರೆಗೆ ತರಬೇಕಾದ ಅನಿವಾರ್ಯ ಅಲ್ಲಿ ಎದ್ದು ಕಾಣುತ್ತದೆ. ಕೊರೋನಾ ಎರಡನೇ ಅಲೆಯಲ್ಲಿ ಚಿತ್ರೀಕರಣ ನಿಂತಿತು. ಆಗಸ್ಟ್‌ನಲ್ಲಿ ಮರಳಿತು. ಮುಂದೆ ಶೇವಂತಾ ಪಾತ್ರದ ನಟಿಯೂ ಬದಲಾದರು. ಇವು ಯಾರ ತಪ್ಪೂ ಅಲ್ಲ. ನನ್ನ ದೂರು ಬೇರೆ. ಮೊದಲೆರಡರಲ್ಲಿ ದೆವ್ವಕ್ಕೆ ಒಂದು ಕಾರಣವಿತ್ತು. ಇಲ್ಲಿ ದೆವ್ವ ಇದೆ, ಅಷ್ಟೇ. ಕಾರಣವಿಲ್ಲದ ದೆವ್ವವನ್ನು ಓಡಿಸುವುದೊಂದೇ ದಾರಿ. ಆಜಿಯ ತೀರ್ಪು ಇನ್ನೂ ಚಿಕ್ಕದು. ಅವರ ಮರಾಠಿಯನ್ನು ನನ್ನ ಮನೆಯ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಸತ್ತವರಿಗೆ ಇಷ್ಟ ಮಾತು ಎದಕ್ಕ ಬೇಕು, ತಂಗಿ?”

ಇನ್ನುಳಿದ ಎರಡರ ತೀರ್ಮಾನಕ್ಕೆ ಮೊದಲು ನೂರು ವರ್ಷ ಹಿಂದಿನ ಒಂದು ಪಟ್ಟಿ ನೋಡಬೇಕು.

ನಾಸಿಕದ ಕಲೆಕ್ಟರ್ ಆಗಿದ್ದ ಎ.ಎಂ.ಟಿ. ಜಾಕ್ಸನ್ ವಿದ್ವಾಂಸ. ಜನರ ನಂಬಿಕೆಗಳ ಕುರಿತು ಆತ ಸಂಗ್ರಹಿಸಿದ್ದ ಸಾಮಗ್ರಿಯಲ್ಲಿ ಹೆಚ್ಚಿನದು ಊರೂರ ಶಾಲಾ ಮಾಸ್ತರರು ಬರೆದು ಕಳಿಸಿದ ಟಿಪ್ಪಣಿಗಳು. 1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ನಾಟಕ ಗೃಹದಲ್ಲಿ ಅನಂತ ಕಾನ್ಹೇರೆ ಎಂಬ ತರುಣ ಕ್ರಾಂತಿಕಾರಿ ಆತನನ್ನು ಗುಂಡಿಟ್ಟು ಕೊಂದ. ಅಂದು ಆತ ನೋಡಲು ಬಂದಿದ್ದ ನಾಟಕ ಗೋವಿಂದ ಬಲ್ಲಾಳ ದೇವಲರ ‘ಶಾರದಾ’, ಮುದುಕನಿಗೆ ಕಟ್ಟಲು ಹೊರಟ ಹುಡುಗಿಯೊಬ್ಬಳ ಕಥೆ. ಜಾಕ್ಸನ್ ಬಿಟ್ಟುಹೋದ ಕಾಗದಗಳನ್ನು ಆರ್.ಇ. ಎಂಥೊವನ್ ಸಂಪಾದಿಸಿದರು. ಕೊಂಕಣದ ಭಾಗ 1915ರಲ್ಲಿ ಅಚ್ಚಾಯಿತು. ಅದರಲ್ಲಿ ಕೊಂಕಣದ ದೆವ್ವಗಳ ಪಟ್ಟಿಯೇ ಇದೆ.

ಅನುವಾದಕಿಗೆ ಅದು ತಲೆನೋವಿನ ಪಟ್ಟಿ. ಎಲ್ಲಕ್ಕೂ ‘ದೆವ್ವ’ ಎಂದು ಬರೆದರೆ ಅರ್ಥವೇ ಸೋರಿಹೋಗುತ್ತದೆ. ಮುಂಜ ಅಂದರೆ ಉಪನಯನವಾಗಿ, ಮದುವೆಗೆ ಮೊದಲೇ ಸತ್ತ ಹುಡುಗ. 2024ರ ಹಿಂದಿ ಸಿನಿಮಾದಿಂದ ಈಗ ದೇಶಕ್ಕೆಲ್ಲ ಗೊತ್ತು. ಸಮಂಧ ಅಂದರೆ ದುಡ್ಡಿನಾಸೆ ಬಿಡದೆ, ಇಲ್ಲವೇ ಮಕ್ಕಳಿಲ್ಲದೆ ಸತ್ತವನು. ಹೆಂಗಸರ ದೆವ್ವಗಳಿಗೆ ಬಂದರೆ ವಿಂಗಡಣೆಯ ಸೂತ್ರ ಬದಲಾಗುತ್ತದೆ. ಗಂಡ ಬದುಕಿರುವಾಗ ಸತ್ತವಳು ಜಖೀಣ. ವಿಧವೆಯಾಗಿ ಸತ್ತವಳು ಲಾವಸಟ. ಬಸುರಿಯಾಗಿ, ಬಾಣಂತಿಯಾಗಿ ಸತ್ತವಳು ಹಡಳ. ಗಂಡಸಿನ ದೆವ್ವಕ್ಕೆ ಅವನ ಆಸೆಯೂ ಹೆಸರು ಕೊಡಬಹುದು. ಹೆಂಗಸಿನ ದೆವ್ವಕ್ಕೆ ಹೆಸರು ಕೊಡುವುದು ಅವಳ ಗಂಡ, ಇಲ್ಲವೇ ಅವಳ ಹೆರಿಗೆ. ಬದುಕಿದ್ದಾಗಿನ ಲೆಕ್ಕವೇ ಸತ್ತ ಮೇಲೂ.

ಶನಿವಾರವಾಡೆಯನ್ನೇ ನೋಡಿ. 1773ರ ಆಗಸ್ಟ್ 30ರಂದು ಕೊಲೆಯಾದ ಪೇಶ್ವೆ ನಾರಾಯಣರಾಯನ ಕೂಗು ಹುಣ್ಣಿಮೆ ರಾತ್ರಿ ಕೇಳುತ್ತದೆ ಎಂದು ಪುಣೆಯ ಮಕ್ಕಳೆಲ್ಲ ಬಲ್ಲರು. ಅವನ ದೆವ್ವಕ್ಕೆ ಹೆಸರಿದೆ, ತಾರೀಖಿದೆ, ನೋಡಲು ಬರುವ ಪ್ರವಾಸಿಗರಿದ್ದಾರೆ. ಲಾವಸಟ ಎಷ್ಟೇ ಇದ್ದರೂ ಎಲ್ಲರೂ ಬರೀ ಲಾವಸಟ.

ಈಗ ಮೊದಲ ಸೀಸನ್. ನನ್ನ ಲೆಕ್ಕದಲ್ಲಿ ಅದಕ್ಕೆ ಎರಡನೇ ಸ್ಥಾನ. ಅಣ್ಣಾ ನಾಯಕ ಸತ್ತಿದ್ದಾನೆ. ಮುಂಬಯಿಗೆ ಹೋಗಿ ನೆಲೆಸಿದ ಹಿರಿಮಗ, ಊರಲ್ಲೇ ಉಳಿದ ಮಗ, ಸೊಸೆಯಂದಿರು, ಮಗಳು, ಎಲ್ಲರೂ ಒಂದೇ ಸೂರಿನಡಿ. ಆಸ್ತಿ ಪಾಲಿನ ಮಾತು ಏಳುತ್ತದೆ, ಅದರ ಜೊತೆಗೇ ವಿಚಿತ್ರಗಳೂ ಏಳುತ್ತವೆ. ಇದು ದೆವ್ವದ ಕೆಲಸವೋ ಮನೆಯವರದ್ದೋ ಎಂದು ಪೊಲೀಸರಂತೆ ನಾವೂ ತಲೆ ಕೆಡಿಸಿಕೊಳ್ಳುತ್ತೇವೆ. ಉತ್ತರ ಹೇಳಿ, ನೋಡದವರ ಖುಷಿ ಕೆಡಿಸುವುದಿಲ್ಲ. ಈ ಸೀಸನ್ನಿನ ದೊಡ್ಡಸ್ತಿಕೆ ಅನುಮಾನವನ್ನು ಬದುಕಿಸಿಟ್ಟದ್ದು, ಮತ್ತು ಅದನ್ನು ಭಾಷೆಯಲ್ಲಿ ಕಟ್ಟಿದ್ದು. ಶಹರದ ಮರಾಠಿ ಆಡುವವರಿಗೆ ಮನೆ ಅರ್ಥವಾಗುವುದಿಲ್ಲ. ಮಾಲವಣಿ ಆಡುವವರಿಗೆ ಅರ್ಥವಾಗುತ್ತದೆ, ಆದರೆ ಅವರು ಪೂರ್ತಿ ಹೇಳುವುದಿಲ್ಲ. ಮರೆಗುಳಿ ಆಳು ಪಾಂಡು ಎಲ್ಲವನ್ನೂ ಬಲ್ಲವನು; ಕೇಳಿದರೆ ಮರೆತೆ ಅನ್ನುತ್ತಾನೆ. ಆ ಪಾತ್ರ ಮಾಡಿದ ಪ್ರಹ್ಲಾದ ಕುಡತರಕರ ಧಾರಾವಾಹಿಯ ಬರವಣಿಗೆಯಲ್ಲೂ ಇದ್ದವರು ಎಂದು ತಿಳಿದಾಗ, ಆ ಮರೆವಿನ ಹಿಂದಿನ ಹದ ಅರ್ಥವಾಯಿತು. ನಮ್ಮ ಟಿವಿಯಲ್ಲಿ ಧಾರವಾಡದ ಮಾತು ಹೆಚ್ಚಾಗಿ ನಗಿಸುವ ಪಾತ್ರಕ್ಕೆ ಸಿಗುತ್ತದೆ. ಇಲ್ಲಿ ಒಂದು ಮೂಲೆಯ ಆಡುಮಾತು ಗುಟ್ಟು ಕಾಯುವ ಕೆಲಸ ಮಾಡುತ್ತಿತ್ತು. ಅದನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ನನ್ನ ಮೊದಲ ಸ್ಥಾನ ಎರಡನೆಯ ಸೀಸನ್ನಿಗೆ. ಅದು ಹಿಂದಕ್ಕೆ ಹೋಗಿ ಅಣ್ಣಾ ಬದುಕಿದ್ದ ಕಾಲವನ್ನು ಹೇಳುತ್ತದೆ. ಮೊದಲ ಸೀಸನ್ನಿನ ಆರಂಭದಲ್ಲೇ ಹೆಣವಾಗಿದ್ದವನು ಇಲ್ಲಿ ಮಾಧವ ಅಭ್ಯಂಕರರ ಮೈಯಲ್ಲಿ ಎದ್ದು ನಿಂತ. ಪಂಚೆ, ಮೀಸೆ, ಊರಿಗೆಲ್ಲ ಹೆದರಿಕೆ. ನೆಲಕ್ಕಾಗಿ, ಹೆಣ್ಣಿಗಾಗಿ ಏನೂ ಮಾಡಲು ಹೇಸದವನು. ಅವನಿಂದ ಸತ್ತವರು ಅವನಿಗೇ ಕಾಣಿಸಿಕೊಳ್ಳುತ್ತಾರೆ. ಇಲ್ಲಿ ದೆವ್ವ ಅಂದರೆ ಬಾಕಿ. ಯಾವ ಮಂತ್ರವಾದಿಯೂ ಆ ಬಾಕಿ ತೀರಿಸಲಾರ, ಮಾಡಿದವನೇ ತೀರಿಸಬೇಕು. ದಾಭೋಲಕರರನ್ನು ನೆನೆದು ಮುಜುಗರಪಟ್ಟಿದ್ದ ನನಗೆ ಇಲ್ಲಿ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು.

ಮತ್ತೆ ಶೇವಂತಾ. ಅಪೂರ್ವಾ ನೇಮಳೇಕರ ಆ ಪಾತ್ರ ಮಾಡಿದಾಗ ವಾಡೆಯ ಹೆಂಗಸರು ಮೊದಲ ವಾರ ಬೈದರು, ಮೂರನೆಯ ವಾರಕ್ಕೆ ಅವಳ ಸೀರೆಯ ಬಣ್ಣ ಹುಡುಕುತ್ತಿದ್ದರು. ಅವಳಿಗೆ ಗಂಡನಿದ್ದಾನೆ, ಆದರೆ ಅವಳ ಕಥೆ ಇರುವುದು ಇನ್ನೊಬ್ಬಳ ಗಂಡನ ಜೊತೆ. ಸತ್ತರೆ ಅವಳು ಯಾವ ದೆವ್ವ? ಜಖೀಣ ಅನ್ನಲು ಮನಸ್ಸು ಬರುವುದಿಲ್ಲ, ಲಾವಸಟ ಅನ್ನುವಂತಿಲ್ಲ. ಮಾಸ್ತರರು ಬರೆದು ಕಳಿಸಿದ ಆ ಪಟ್ಟಿಯಲ್ಲಿ ಇಟ್ಟುಕೊಂಡ ಹೆಣ್ಣಿಗೆಂದೇ ಒಂದು ಖಾನೆ ಇಲ್ಲ. ಹಾಗಾಗಿ ಅವಳನ್ನು ಅವಳ ಹೆಸರಿನಿಂದಲೇ ಕರೆಯಬೇಕಾಗುತ್ತದೆ. ಒಂದು ಹೆಣ್ಣು ದೆವ್ವ ಹೆಸರು ಪಡೆದು, ತನ್ನ ಆಸೆ, ಹಟ, ಮೋಸಹೋದ ಬಗೆಯನ್ನೆಲ್ಲ ದಿನಕ್ಕಿಷ್ಟರಂತೆ ಹೇಳಿಕೊಂಡದ್ದು ನನಗೆ ಈ ಧಾರಾವಾಹಿಯ ದೊಡ್ಡ ಕೆಲಸವಾಗಿ ಕಂಡಿತು.

ಇದನ್ನೆಲ್ಲ ಆಜಿಗೆ ವಿವರಿಸಿದೆ, ಪಟ್ಟಿಯನ್ನೂ ಓದಿ ಹೇಳಿದೆ. ಲಾವಸಟ ಎಂಬ ಮಾತು ಬಂದಾಗ ಅವರು ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು.

“ಹಿಂದಿನ ಕೋಲ್ಯಾಗ ಒಬ್ಬಾಕಿ ಇದ್ದಳು” ಅಂದರು. ಅವರ ಮಾವನ ಸೋದರತ್ತೆ. ಒಂಬತ್ತಕ್ಕೋ ಹತ್ತಕ್ಕೋ ವಿಧವೆಯಾಗಿ ತವರಿಗೆ ಬಂದು, ತಲೆ ಬೋಳಿಸಿಕೊಂಡು, ಅಡುಗೆಮನೆಯ ಹಿಂದಿನ ಆ ಕೋಣೆಯಲ್ಲೇ ಮುದುಕಿಯಾದವಳು. ವಿಧವಾ ವಿವಾಹಕ್ಕೆ ಕಾಯ್ದೆ 1856ರಲ್ಲೇ ಬಂದಿತ್ತು. ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಇದೇ ಊರಲ್ಲಿ ವಿಧವೆಯರಿಗೆ ಆಶ್ರಮ ತೆರೆದು, ಮುಂದೆ ಊರ ಹೊರಗಿನ ಹಿಂಗಣೆಗೆ ಒಯ್ದಿದ್ದರು. ಅವೆಲ್ಲ ಈ ಹಿಂದಿನ ಕೋಣೆಯನ್ನು ಮುಟ್ಟಿರಲಿಲ್ಲ. ಆಜಿ ಸೊಸೆಯಾಗಿ ಬಂದಾಗ ಆಕೆಗೆ ಎಂಬತ್ತು ದಾಟಿತ್ತು. “ಹುಡುಗೂರು ಆ ಕೋಲಿ ಹತ್ರ ಹೋಗತಿರಲಿಲ್ಲ. ಲಾವಸಟ ಐತಿ ಅಂತಿದ್ರು. ಅಕಿ ಇನ್ನೂ ಜೀವಂತ ಇದ್ದಳು, ತಂಗಿ. ರಾತ್ರಿ ಕೆಮ್ಮತಿದ್ದಳು, ಅಷ್ಟ.”

ಹೆಸರೇನು ಅಂದೆ. ಎಲ್ಲರೂ ಆತ್ಯಾ ಅಂತಿದ್ದರು ಅಂದರು. ಸ್ವಲ್ಪ ಹೊತ್ತು ಯೋಚಿಸಿ, ಗೊತ್ತಿಲ್ಲ ಅಂದರು.

ಹೋದ ತಿಂಗಳು ಬಿಲ್ಡರ್ ಕಡೆಯವರಿಗೆ ಕೊಡಲು ಮನೆತನದ ವಂಶಾವಳಿ ಸಿದ್ಧವಾಯಿತು. ಮರಾಠಿ ಕಾಗದಗಳನ್ನು ಇಂಗ್ಲಿಷಿಗೆ ಮಾಡುವ ಕೆಲಸ ನನ್ನದು. ಪಾಲುದಾರರು ನಾಲ್ಕು ಕಡೆಯಿಂದ ಬಂದರು, ಪುಣೆಯವರು, ಮುಂಬಯಿಯವರು, ಫೋನಿನಲ್ಲಿ ಅಮೆರಿಕದವರು. ಎರಡು ಸಂಜೆ ಪಡಸಾಲೆಯಲ್ಲಿ ಗದ್ದಲ. ಎಲ್ಲರೂ ಹೋದಮೇಲೆ ಆಜಿ ನನ್ನ ಕಡೆ ತಿರುಗಿ ಹೇಳಿದರು: “ಅದಕ್ಕ ಹೇಳತೇನಿ, ಮೊದಲನೇದಽ ಛಲೋ. ಪಾಲು ಮಾಡೂವಾಗ ಸತ್ತವರು ಬರತಾರ. ಅದನ್ನ ಅವರು ಖರೇ ತೋರಿಸ್ಯಾರ.”

ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರವಿಲ್ಲ. ಶೇವಂತಾಳಿಗಾಗಿ ನಾನು ಈಗಲೂ ಎರಡನೆಯದನ್ನೇ ಮೇಲಿಡುತ್ತೇನೆ. ಆದರೆ ಅವಳ ಮಾತು ನಮಗೆ ಕೇಳಿಸುವ ಮೊದಲು ಆ ಮನೆಯ ಪಾಲಿನ ಜಗಳ ನಡೆಯಬೇಕಿತ್ತು, ಮೊದಲ ಸೀಸನ್ ಬರಬೇಕಿತ್ತು ಎಂಬುದನ್ನು ಒಪ್ಪುತ್ತೇನೆ.

ವಂಶಾವಳಿಯಲ್ಲಿ ಆತ್ಯಾ ಇರಲಿಲ್ಲ. ಹಕ್ಕಿಲ್ಲದವರನ್ನು, ಮಕ್ಕಳಿಲ್ಲದವರನ್ನು ಬರೆಯುವ ಅಗತ್ಯ ಕಾಗದಕ್ಕಿಲ್ಲ. ವಕೀಲರಿಗೆ ಹೋಗುವ ಪ್ರತಿ ಹೋಯಿತು. ಮನೆಯಲ್ಲುಳಿದ ಝೆರಾಕ್ಸನ್ನು ಆಜಿ ಇಸಿದುಕೊಂಡು, ಮಾವನ ಅಪ್ಪನ ಹೆಸರಿನ ಪಕ್ಕ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು, ತುದಿಗೆ ‘ಆತ್ಯಾ’ ಎಂದು ಬರೆದರು. ಹೆಸರು ನೆನಪಾದರೆ ಅಳಿಸಿ ಬರೆಯಲು ಬರಲಿ ಎಂದು ಪೆನ್ಸಿಲ್ ಹಿಡಿದರಂತೆ. ತವರಿನ ಕಡೆಯ ಒಬ್ಬ ಮುದುಕಿ ಇನ್ನೂ ಇದ್ದಾಳೆ, ಅವಳನ್ನು ಕೇಳಬೇಕು ಅಂದಿದ್ದಾರೆ. ಬರುವ ವಾರ ಇಬ್ಬರೂ ಹೋಗುವವರಿದ್ದೇವೆ.